ಆಕಾಶದ ಪಂಚಾಂಗ

ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತು ಹಗಲಿರುಳೂ ಕಾಲವನ್ನು ಸಾರುತ್ತಿರುವುವು. ದೂರವಾಣಿಯ ಗೋಪುರಗಳು ಹಲವು ಆ ಸಾರಿಕೆಯನ್ನೇ ನಂಬಿ ನಡೆಯುವುವು. ಅದನ್ನು ಆಲಿಸುವ ಗ್ರಾಹಕಯಂತ್ರವು ಒಂದು ದಿನ ಕಿವುಡಾದರೆ, ಒಳಗಿನ ಸ್ಫಟಿಕವು ಕೆಲಹೊತ್ತು ಕಾಲವನ್ನು ಹಿಡಿದಿಟ್ಟರೂ ಮೆಲ್ಲಮೆಲ್ಲನೆ ತಪ್ಪತೊಡಗುವುದು. ಆಗ ಯಂತ್ರಪಾಲಕನ ಪಾಡೇನು?

ಅನುಭವವಿಲ್ಲದವನು ಒಡನೆಯೇ ಯಂತ್ರವನ್ನು ಬಿಚ್ಚತೊಡಗುವನು. ಬಲ್ಲವನು ಮೊದಲು ಮಾಳಿಗೆಯನ್ನೇರುವನು. ಉಪಗ್ರಹದ ಅಲೆಯು ನೆಲವನ್ನು ಮುಟ್ಟುವಾಗ ಅತಿ ಕ್ಷೀಣವಾಗಿರುವುದು; ತಗಡಿನ ಮಾಡೊಂದು ಅಡ್ಡ ಬಂದರೂ ಅಡಗಿಹೋಗುವುದು. ಆಂಟೆನಾಕ್ಕೆ ಬಯಲು ಆಕಾಶವು ಕಾಣುತ್ತಿರುವುದೇ? ಕೇಬಲಿನ ಸಂದಿಯಲ್ಲಿ ಮಳೆನೀರು ಇಳಿದಿರುವುದೇ? ಅದೇ ಕೇಬಲಿನ ಮೂಲಕ ಆಂಟೆನಾಕ್ಕೆ ಸಲ್ಲಬೇಕಾದ ವಿದ್ಯುತ್ತು ಸಲ್ಲುತ್ತಿರುವುದೇ? ಇವನ್ನೆಲ್ಲ ಒಂದೊಂದಾಗಿ ನೋಡಬೇಕು.

ಎಲ್ಲವೂ ಸರಿಯಾಗಿದ್ದರೆ ಉಳಿಯುವ ಮದ್ದು ತಾಳ್ಮೆಯೊಂದೇ. ಒಳಗಿನ ಬ್ಯಾಟರಿಯು ಬರಿದಾಗಿ ನೆನಪು ಅಳಿದ ಯಂತ್ರಕ್ಕೆ ತಾನೆಲ್ಲಿರುವೆನೆಂಬುದಾಗಲಿ, ಇಂದು ಯಾವ ದಿನವೆಂಬುದಾಗಲಿ ತಿಳಿಯದು. ಉಪಗ್ರಹಗಳೆಲ್ಲದರ ಪಂಚಾಂಗವು ಒಮ್ಮೆ ಪೂರ್ಣವಾಗಿ ಬಂದು ಮುಗಿಯಲು 12½ ನಿಮಿಷ ಬೇಕು. ಐದು ನಿಮಿಷಕ್ಕೊಮ್ಮೆ ಯಂತ್ರವನ್ನು ಆರಿಸಿ ಹೊತ್ತಿಸುವ ಆತುರಗಾರನು ಆ ಪಂಚಾಂಗಶ್ರವಣಕ್ಕೆ ತಾನೇ ಭಂಗ ತರುವನು.

ನಾಲ್ಕು ಉಪಗ್ರಹಗಳ ದನಿ ಕೂಡಿದಾಗ ಸ್ಥಳ, ಕಾಲ ಎರಡೂ ತಿಳಿಯುವುವು. ಸ್ಥಳವು ನಿಶ್ಚಯವಾದ ಮೇಲಾದರೋ, ಕಾಲವನ್ನರಿಯಲು ಒಂದೇ ಉಪಗ್ರಹ ಸಾಕು. ನಿಂತ ನೆಲೆಯನ್ನರಿತವನಿಗೆ ಹಲವು ಮಾತು ಬೇಕಿಲ್ಲವಷ್ಟೆ!