ಡಿಂಗನ ಕುರಿತು ಒಂದು ತಕರಾರು

‘ಬಾಲಮಂಗಳ’ದ ಡಿಂಗನನ್ನು ಓದುತ್ತ ಬೆಳೆದ ತಲೆಮಾರು ಇಂದು ಕಾಲೇಜುಗಳಲ್ಲಿ ಪಾಠ ಹೇಳುತ್ತಿದೆ. ಗುಬ್ಬಿಯಲ್ಲಿ ಶಾಲೆಗೆ ಹೋಗುತ್ತಿದ್ದ ನಾನೂ ಆ ಓದುಗರಲ್ಲೊಬ್ಬ. ಡಿಂಗ ಮೂಲತಃ ಮಲಯಾಳದ ‘ಡಿಂಕನ್’. ಎನ್. ಸೋಮಶೇಖರನ್ ಕಥೆ ಬರೆದು ಬೇಬಿ ಚಿತ್ರಿಸಿದ ಈ ಇಲಿ 1983ರಲ್ಲಿ ಕೊಟ್ಟಾಯಂನ ಮಂಗಳಂ ಸಂಸ್ಥೆಯ ‘ಬಾಲಮಂಗಳಂ’ನಲ್ಲಿ ಹುಟ್ಟಿ, ಅನಂತರ ಕನ್ನಡಕ್ಕೆ ಬಂದಿತು. ಕಾಡಿನ ಇಲಿಯೊಂದನ್ನು ಅನ್ಯಗ್ರಹದ ಜೀವಿಗಳು ಹೊತ್ತೊಯ್ದು ಪ್ರಯೋಗಕ್ಕೊಡ್ಡುತ್ತವೆ. ಅದರಿಂದ ಅದಕ್ಕೆ ಅತಿಮಾನುಷ ಬಲ ಒದಗುತ್ತದೆ. ಪಂಚತಂತ್ರದ ಕಾಡಿನಲ್ಲಿ ಸೂಪರ್‌ಮ್ಯಾನನನ್ನು ಹಾರಿಸುವ ಈ ವಿಲಕ್ಷಣ ಕಲ್ಪನೆಗೆ ಅಂದು ಮಾರುಹೋಗದವರು ವಿರಳ.

ಈಚೆಗೆ ಸಂಶೋಧನೆಯ ನಿಮಿತ್ತ ಹಳೆಯ ಸಂಚಿಕೆಗಳನ್ನು ಒಂದರ ಹಿಂದೊಂದರಂತೆ ಓದತೊಡಗಿದಾಗ ತಾಳ್ಮೆ ಕೆಟ್ಟಿತು. ಆಪತ್ತು, ಮೊರೆ, ಡಿಂಗನ ಆಗಮನ, ಒಂದು ಗುದ್ದು. ಮರುಸಂಚಿಕೆಯಲ್ಲಿ ಮತ್ತೆ ಅದೇ. ಪುನರಾವರ್ತನೆಯೇ ದೋಷವೆನ್ನಲಾಗದು. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿಯೇ ಮಾಂತ್ರಿಕ ಕಥೆಗಳ ಘಟನಾವಳಿಯನ್ನು 31 ಕ್ರಿಯಾಘಟಕಗಳಿಗೆ ಇಳಿಸಿ ತೋರಿಸಿದ. ಹಾಗೆಂದು ಅಜ್ಜಿಯ ಕಥೆ ಯಾರಿಗೂ ಬೇಸರ ತರಿಸಲಿಲ್ಲ.

ನಮ್ಮೂರಿನ ನಿದರ್ಶನವನ್ನೇ ನೋಡಬಹುದು. 1884ರಲ್ಲಿ ಇಲ್ಲಿ ಆರಂಭವಾಗಿ ವೀರಣ್ಣನವರ ಹೆಸರಿನೊಂದಿಗೆ ನಾಡಿನ ಮಾತಾದ ಕಂಪನಿಯು 1934ರಲ್ಲಿ ಆಡಿದ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಬೆರಗು ಹುಟ್ಟಿಸುವುದರಲ್ಲಿ ಅದು ಯಾವ ಚಿತ್ರಕಥೆಗೂ ಕಡಿಮೆಯದಲ್ಲ. ಇಂದಿಗೂ ಸುತ್ತಲಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ‘ಕುರುಕ್ಷೇತ್ರ’ವನ್ನು ಜನ ಬೆಳಗಿನವರೆಗೆ ಕುಳಿತು ನೋಡುತ್ತಾರೆ. ಕರ್ಣ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಆದರೂ ಕುಂತಿ ಅವನೆದುರು ನಿಂತಾಗ ಚಪ್ಪರದಡಿ ಸದ್ದಡಗುತ್ತದೆ. ಅಲ್ಲಿ ಕೃಷ್ಣನಿದ್ದೂ ನಷ್ಟ ತಪ್ಪುವುದಿಲ್ಲ.

ಡಿಂಗನಿರುವ ಕಾಡಿನಲ್ಲಿ ಯಾರಿಗೂ ಏನೂ ಕಳೆದುಹೋಗುವುದಿಲ್ಲ. ನನ್ನ ಅಣ್ಣನ ಮಗಳು ನಾಲ್ಕು ಕಂತು ಓದಿ, “ಡಿಂಗ ಬರದಿದ್ದರೆ ಮೊಲ ಏನು ಮಾಡ್ತಿತ್ತು ಚಿಕ್ಕಪ್ಪ?” ಎಂದಳು. ವಿಮರ್ಶಕ ಕೇಳಬೇಕಾದ ಪ್ರಶ್ನೆಯೇ ಇದು. ಗುಬ್ಬಚ್ಚಿಯ ಕಥೆಗಳಲ್ಲಿ ಬಡಜೀವಿಯೇ ಉಪಾಯ ಹೂಡುತ್ತದೆ. ಇಲ್ಲಿ ಮೊಲಕ್ಕೆ ಮೊರೆಯಿಡುವುದೊಂದೇ ಕೆಲಸ.

ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿಭಾವ. ಮುಂದೇನೆಂಬ ಅಳುಕೇ ಇಲ್ಲದೆಡೆ ವಿಸ್ಮಯ ಹೇಗೆ ನೆಲೆಸೀತು? ಆದ್ದರಿಂದ ನನ್ನ ಮಹಾಪ್ರಬಂಧದಲ್ಲಿ ಡಿಂಗನಿಗೆ ಅದ್ಭುತದ ಅಧ್ಯಾಯದಲ್ಲಿ ಸ್ಥಾನವಿಲ್ಲ. ಮಲಯಾಳದಿಂದಾದ ಅನುವಾದಗಳ ಅಧ್ಯಾಯದಲ್ಲಿ ಒಂದೂವರೆ ಪುಟ ಕೊಟ್ಟಿದ್ದೇನೆ.