ಭಜ್ಜಿಯ ಗಡಿಗೆಯಲ್ಲಿ ಎಷ್ಟು ಕಾಳು?

ನಮ್ಮ ಕಡೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ. ಹಾಸ್ಟೆಲ್ಲಿನ ಗೆಳತಿಯರಿಗೆ ಇದನ್ನು ಪ್ರತಿವರ್ಷ ಹೇಳಬೇಕಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಎಳ್ಳ ಅಮಾಸಿಯ ದಿನ ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಒಯ್ಯುವ ಪಲ್ಲೆ ಅದು. ಹಸಿ ತೊಗರಿ, ಅವರೆ, ಬಟಾಣಿ, ಹಸಿ ಕಡಲೆ, ಶೇಂಗಾ, ಎಳೆ ಬದನೆ, ಗಜ್ಜರಿ, ಮೆಂತೆಪಲ್ಲೆ, ಉಳ್ಳಾಗಡ್ಡಿ ತಪ್ಪಲು ಎಲ್ಲವನ್ನೂ ಕುದಿಸಬೇಕು. ಮಜ್ಜಿಗೆಯಲ್ಲಿ ಕಡಲೆಹಿಟ್ಟು ಕಲಸಿ ಹುಯ್ಯಬೇಕು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಆಯಿತು. ಜೊತೆಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ. ಗಡಿಯಾಚೆ ಲಾತೂರಿನ ಕಡೆಯೂ ಇದೇ ಹಬ್ಬ, ಇದೇ ಭಜ್ಜಿ. ಅವರು ವೇಳ ಅಮಾವಾಸ್ಯಾ ಅನ್ನುತ್ತಾರೆ.

ಅಳತೆ ಕೇಳಿದರೆ ಅವ್ವ ನಗುತ್ತಾಳೆ. "ಹೊಲ್ದಾಗ ಏನದ ಅದು ಹಾಕಬೇಕವ್ವಾ. ಅಳತಿ ಏನದ ಅದರಾಗ?"

ಇಟಲಿಯ ತೆರಾಮೊ ಎಂಬ ಊರಿನ ಅಡುಗೆಯ ಬಗ್ಗೆ ಓದಿದಾಗ ಅವ್ವನ ಈ ಮಾತು ನೆನಪಾಯಿತು. ಅಲ್ಲಿ ಮೇ 1ರಂದು 'ವಿರ್ತೂ' ಎಂಬ ಗಟ್ಟಿ ಸಾರು ಮಾಡುತ್ತಾರೆ. ಚಳಿಗಾಲ ಕಳೆದು ಡಬ್ಬಿಯ ತಳದಲ್ಲಿ ಉಳಿದ ಒಣಕಾಳು, ವಸಂತದಲ್ಲಿ ಹೊಸದಾಗಿ ಬಂದ ಸೊಪ್ಪು, ಹಸಿ ಕಾಳು ಎಲ್ಲ ಒಂದೇ ಪಾತ್ರೆಗೆ. ಅದು ಮನೆಯಲ್ಲಿ ಏನು ಉಳಿಯಿತು ಎಂಬ ಲೆಕ್ಕವಾದರೆ, ನಮ್ಮ ಭಜ್ಜಿ ಹೊಲದಲ್ಲಿ ಏನು ಬಂತು ಎಂಬ ಲೆಕ್ಕ. ಎರಡರಲ್ಲೂ ಸುಳ್ಳು ಲೆಕ್ಕ ಬರೆಯಲಾಗದು.

ನಮ್ಮ ಲೆಕ್ಕ ತಪ್ಪಿದೆ ಎಂದು ನನಗೆ ತಿಳಿದದ್ದು 2022ರ ಡಿಸೆಂಬರ್ 23ರ ಅಮಾಸಿಯಂದು. ಆ ವರ್ಷ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದಿತ್ತು. ಆಳಂದ ತಾಲೂಕಿನ ನಮ್ಮ ಹೊಲದಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದ್ದವು. ಹೊಲಕ್ಕೆ ಹೋಗುವುದೇ ಬೇಡ ಎಂದೆ. ಅಪ್ಪ ಒಪ್ಪಲಿಲ್ಲ. "ಬೆಳಿ ಹೋಯ್ತಂತ ಚರಗ ಬಿಡ್ಲಾಕ್ ಆಗ್ತದೇನು?" ಎಂದು ಬುಟ್ಟಿ ಎತ್ತಿಕೊಂಡ. ಜೇವರ್ಗಿಯಿಂದ ಸೋದರಮಾವ ಹಸಿ ಕಡಲೆ ತಂದಿದ್ದ. ಅಫಜಲಪುರದ ಕಡೆ ಕೊಟ್ಟ ಅಕ್ಕ ಬದನೆಕಾಯಿ ಕಳಿಸಿದ್ದಳು. ಅವ್ವ ಗಡಿಗೆಯ ಮುಚ್ಚಳ ತೆಗೆದು, "ಇದು ಭಜ್ಜಿ ಅಲ್ಲವ್ವಾ, ಬರೇ ಕಡ್ಲಿ ಪಲ್ಲೆ" ಅಂದಳು.

ಆಯಿ ಇದ್ದಾಗ ನಮ್ಮ ಹೊಲದಲ್ಲಿ ತೊಗರಿ ಒಂದೇ ಇರುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು: ಸಜ್ಜೆ, ಎಳ್ಳು, ಜೋಳ, ಅವರೆ, ಬದುವಿಗೆ ಪುಂಡಿ. ಸಜ್ಜೆ, ಎಳ್ಳು ಮೊದಲೇ ಕೊಯ್ಲಾಗಿ ರೊಟ್ಟಿಯಾಗುತ್ತಿದ್ದವು. ಅವರೆ, ತೊಗರಿ ಅಮಾಸಿಯ ಹೊತ್ತಿಗೆ ಹಸಿಯಾಗಿ ಸಿಗುತ್ತಿದ್ದವು. ಯಾವಾಗ ನಿಂತಿತು ಎಂದು ಆ ದಿನ ಬನ್ನಿ ಮರದ ಕೆಳಗೆ ಕೇಳಿದೆ. ಅಪ್ಪ ರೊಟ್ಟಿ ಮುರಿಯುತ್ತ, "ನೀ ಕಲಬುರ್ಗಿಗಿ ಓದ್ಲಾಕ್ ಹೋದ ವರ್ಷ" ಅಂದ.

ಅದರಲ್ಲಿ ದೂರು ಇರಲಿಲ್ಲ. ಅವರೆ, ಸಜ್ಜೆ ಮನೆಯ ಊಟಕ್ಕೆ, ತೊಗರಿ ಮಾರಾಟಕ್ಕೆ. ಕಾಲೇಜು, ಹಾಸ್ಟೆಲ್ಲಿಗೆ ಬೇಕಾದದ್ದು ರೊಕ್ಕ. ಹಾಗಾಗಿ ಸಾಲುಗಳೆಲ್ಲ ತೊಗರಿಯಾದವು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಬಂದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬಳು. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಅದೇ ನೆಲದಲ್ಲಿ ಮತ್ತೆ ಮತ್ತೆ ತೊಗರಿಯನ್ನೇ ಬಿತ್ತಿದರೆ ಹೆಚ್ಚುತ್ತದೆ, ಜೋಳದ ಜೊತೆ ಬಿತ್ತಿದರೆ ತಗ್ಗುತ್ತದೆ ಎಂಬುದನ್ನು ಓದಿದ್ದು ಆಮೇಲೆ. ಆಯಿಗೆ ಶಿಲೀಂಧ್ರ ಗೊತ್ತಿರಲಿಲ್ಲ, ಸಾಲು ಗೊತ್ತಿತ್ತು. ನನ್ನ ಓದಿಗಾಗಿ ಬಿಟ್ಟುಕೊಟ್ಟದ್ದನ್ನು ನನ್ನ ಓದೇ ನನಗೆ ವಿವರಿಸಿತು.

ಫೆಲೋಶಿಪ್ ಬರತೊಡಗಿದ ಮೇಲೆ ಅಪ್ಪನಿಗೆ ಹೇಳಿದೆ: ಇನ್ನು ನನಗೆ ರೊಕ್ಕ ಕಳಿಸಬೇಡ, ನಾಲ್ಕು ಸಾಲು ಅಕ್ಕಡಿ ಹಾಕು. "ನಾಕ್ ಸಾಲಿನ ತೊಗರಿ ಕಮ್ಮಿ ಆಗ್ತದ" ಅಂದ. "ಆಗ್ಲಿ" ಅಂದೆ. ಅಪ್ಪ ಮಾತು ಬದಲಿಸಿದ. ಮಳೆ ಬಿದ್ದ ವಾರ ಅವ್ವನ ಫೋನು ಬಂತು. "ನಿಮ್ಮಪ್ಪ ಸಾಲು ಬಿಟ್ಟಾರ. ಅವರಿ ಬೀಜ ಎಲ್ಲದಾವ ಅಂತ ಕೇಳ್ಲತ್ತಾರ." ನಮ್ಮ ಮನೆಯಲ್ಲಿ ಒಂದು ಕಾಳೂ ಇರಲಿಲ್ಲ. ಮದುವೆಯಾದಾಗ ಆಯಿ ಕೊಟ್ಟಿದ್ದ ಬೀಜವನ್ನು ಅಕ್ಕ ವರ್ಷವೂ ಬಿತ್ತಿ, ಬೂದಿ ಕಲಸಿ ಇಟ್ಟುಕೊಂಡು ಬಂದಿದ್ದಳು. ಅಫಜಲಪುರದಿಂದ ಒಂದು ಸೇರು ಬಂತು.

ಆ ಅಮಾಸಿಗೆ ಗಡಿಗೆಯಲ್ಲಿ ನಮ್ಮದೇ ಹೊಲದ ಅವರೆ ಒಂದು ಬೊಗಸೆಯಷ್ಟಿತ್ತು, ಅಷ್ಟೇ. ಅವ್ವ ಸೌಟಿನಿಂದ ತಳದವರೆಗೂ ತಿರುವಿ, ಎಲ್ಲರ ರೊಟ್ಟಿಯ ಮೇಲೂ ಎರಡೆರಡಾದರೂ ಬೀಳುವಂತೆ ಬಡಿಸಿದಳು.