‘ಈಜು ಬಾರದೆ’ ಅಂತ ನಾನೇ ಬರೆದಿದ್ದೆ

ಸುದ್ದಿ ಬರೆಯುವ ನಮ್ಮಂಥವರಿಗೆ ಕೆಲವು ಸಾಲು ಬಾಯಿಪಾಠ ಆಗಿರುತ್ತವೆ. ‘ನದಿಗೆ ಸ್ನಾನಕ್ಕೆಂದು ಇಳಿದ ಯುವಕ ಈಜು ಬಾರದೆ ನೀರಿನಲ್ಲಿ ಮುಳುಗಿ ಮೃತಪಟ್ಟಿದ್ದಾನೆ.’ ಹೆಸರು, ವಯಸ್ಸು, ಊರು, ಠಾಣೆ ಬದಲಾಯಿಸಿ ಕಳಿಸಿದರೆ ಮುಗೀತು. ತುಂಗಭದ್ರೆ ದಂಡೆಯ ತಾಲ್ಲೂಕಿನಲ್ಲಿ ಹನ್ನೊಂದು ವರ್ಷದಿಂದ ವರದಿ ಮಾಡುತ್ತಿದ್ದೇನೆ. ಈ ಸಾಲನ್ನು ಎಷ್ಟು ಸಲ ಬರೆದೆನೋ ಲೆಕ್ಕ ಇಟ್ಟಿಲ್ಲ.

ಒಂಬತ್ತು ವರ್ಷದ ಹಿಂದೆ ಇದೇ ಸಾಲನ್ನು ನಮ್ಮ ಚಿಗವ್ವನ ಮಗನ ಬಗ್ಗೆಯೂ ಬರೆದೆ. ಹತ್ತೊಂಬತ್ತು ವರ್ಷದ ಹುಡುಗ. ಚಿಕ್ಕವನಿದ್ದಾಗ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ಅವನಿಗೆ ಈಜು ಕಲಿಸಿದವನು ನಾನೇ. ಆಮೇಲೆ ನನಗಿಂತ ಚೆನ್ನಾಗಿ ಈಜುತ್ತಿದ್ದ. ಅವನು ಹೋದದ್ದು ಮರಳು ತೆಗೆದು ಬಿಟ್ಟಿದ್ದ ಗುಂಡಿಯಲ್ಲಿ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವನ ಕಾಲಡಿ ನೆಲವೇ ಇರಲಿಲ್ಲ. ಆದರೂ ‘ಈಜು ಬಾರದೆ’ ಅಂತಲೇ ಬರೆದೆ. ಠಾಣೆಯವರು ಕೊಟ್ಟ ಪ್ರತಿಯಲ್ಲಿ ಹಾಗೇ ಇತ್ತು, ಕೈಯೂ ಹಾಗೇ ಟೈಪ್ ಮಾಡಿತು.

ಅವತ್ತಿನಿಂದ ನಾನು ಹೊಳೆಗೆ ಇಳಿದಿಲ್ಲ. ನಮ್ಮವ್ವನೂ ಇಳಿದಿಲ್ಲ. ಸಂಕ್ರಾಂತಿಗೆ ಊರೆಲ್ಲ ಹೊಳೆಗೆ ಹೋದರೆ ಅವ್ವ ಮನೆಯಲ್ಲೇ ತಲೆ ಮೇಲೆ ನೀರು ಹಾಕಿಕೊಳ್ಳುತ್ತಾಳೆ.

ಇಂಥ ನಾವಿಬ್ಬರು ಈ ಫೆಬ್ರವರಿ ಕೊನೆಗೆ ಋಷಿಕೇಶಕ್ಕೆ ಹೋಗಿ ಬಂದೆವು. ಅವ್ವನಿಗೆ ಗಂಗೆ ನೋಡುವ ಆಸೆ ಮೊದಲಿನಿಂದ ಇತ್ತು. ನನಗೆ ಸೊಂಟನೋವು. ದಿನಾ ಬೈಕ್ ಮೇಲೆ ನೂರು ಕಿಲೋಮೀಟರ್ ತಿರುಗಿದ್ದರ ಫಲ. ಮಾತ್ರೆ ನುಂಗಿ ಸಾಕಾಗಿತ್ತು, ಡಾಕ್ಟರು ಯೋಗ ಮಾಡು ಅಂದಿದ್ದರು. ಭತ್ತದ ನಾಟಿ ಮುಗಿದಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ದೆಹಲಿಗೆ ಒಂದು ದಿನಕ್ಕೂ ಹೆಚ್ಚಿನ ದಾರಿ. ಅಲ್ಲಿಂದ ಹರಿದ್ವಾರಕ್ಕೆ ಇನ್ನೊಂದು ರೈಲು, ಆಮೇಲೆ ಆಟೋ.

ಹೊರಡುವಾಗ ಓಣಿಯವರೆಲ್ಲ ‘ನಮಗೂ ಒಂದು ಬಾಟ್ಲಿ ಗಂಗಾ ನೀರು ತಾರವ್ವ’ ಅಂದರು. ಚಿಗವ್ವ ಮಾತ್ರ ಬಾಗಿಲಲ್ಲಿ ನಿಂತು, ‘ನನಗ ಯಾವ ಹೊಳಿ ನೀರೂ ಬ್ಯಾಡ ಅಕ್ಕಾ, ನೀ ಹುಷಾರಾಗಿ ಹೋಗಿ ಬಾ’ ಅಂದಳು.

ಋಷಿಕೇಶ ಅಂದರೆ ಒಂದೇ ಊರಲ್ಲ. ಪೇಟೆ, ತ್ರಿವೇಣಿ ಘಾಟ್ ಇರುವುದು ಡೆಹ್ರಾಡೂನ್ ಜಿಲ್ಲೆಯಲ್ಲಿ. ಸ್ವಲ್ಪ ಮೇಲೆ ಹೋದರೆ ಮುನಿ ಕಿ ರೇತಿ, ಅದು ಟೆಹ್ರಿ ಜಿಲ್ಲೆ. ಸೇತುವೆ ದಾಟಿ ಆಚೆ ದಂಡೆಗೆ ಹೋದರೆ ಸ್ವರ್ಗಾಶ್ರಮ, ಅದು ಪೌಡಿ ಜಿಲ್ಲೆ. ಇದನ್ನು ಕೇಳಿದ ಕೂಡಲೇ ನನಗೆ ಬಂದ ಯೋಚನೆ: ಇಲ್ಲಿ ಹೆಣ ಸಿಕ್ಕರೆ ಯಾವ ಠಾಣೆ? ನಮ್ಮಲ್ಲಿ ಹೊಳೆಯ ಈ ದಂಡೆ ಕೊಪ್ಪಳ, ಆ ದಂಡೆ ವಿಜಯನಗರ. ತಮ್ಮನನ್ನು ಮೇಲೆತ್ತಿದ ದಿನ ಹದ್ದು ಯಾರದು ಅನ್ನುವ ಮಾತಿನಲ್ಲೇ ಎರಡು ತಾಸು ಹೋಗಿತ್ತು. ಗಂಗೆ ನೋಡಿ ಮೊದಲು ನೆನಪಾದದ್ದು ಇದು. ಏನು ಮಾಡುವುದು, ನಮ್ಮ ಕಸುಬು ಅಂಥದ್ದು.

ನಾವು ಉಳಿದದ್ದು ಪೇಟೆಯ ಒಂದು ಧರ್ಮಶಾಲೆಯಲ್ಲಿ. ಊರಲ್ಲಿ ಮಾಂಸ, ಮದ್ಯ ಮಾರುವಂತಿಲ್ಲ, ಅದು ಅವ್ವನಿಗೆ ಹಿಡಿಸಿತು. ಬೆಳಗ್ಗೆ ಅವಳನ್ನು ಘಾಟ್‌ನ ಮೆಟ್ಟಿಲ ಮೇಲೆ ಕೂರಿಸಿ ನಾನು ತಪೋವನದ ಕಡೆ ಯೋಗ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿ ಗಲ್ಲಿಗೊಂದು ಯೋಗ ಶಾಲೆ. ಬ್ರಿಟನ್ನಿನ ಬೀಟಲ್ಸ್ ಹಾಡುಗಾರರು 1968ರಲ್ಲಿ ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಧ್ಯಾನ ಕಲಿಯಲು ಬಂದ ಮೇಲೆ ಪರದೇಶದವರಿಗೆ ಈ ಊರಿನ ಹುಚ್ಚು ಹೆಚ್ಚಾಯಿತಂತೆ. ಆದರೆ ಅದಕ್ಕಿಂತ ಎಷ್ಟೋ ಮುಂಚೆ, ಮಲಯಾದಲ್ಲಿ ಡಾಕ್ಟರಾಗಿದ್ದ ತಮಿಳುನಾಡಿನ ಸ್ವಾಮಿ ಶಿವಾನಂದರು ಇಲ್ಲಿಗೆ ಬಂದು ನೆಲೆಸಿ 1936ರಲ್ಲಿ ಡಿವೈನ್ ಲೈಫ್ ಸೊಸೈಟಿ ಕಟ್ಟಿದ್ದರು.

ಒಂದು ಶಾಲೆಯ ಬೋರ್ಡ್ ಮೇಲೆ ‘ಮೈಸೂರು ಸ್ಟೈಲ್’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಗಂಗೆ ದಂಡೆಯಲ್ಲಿ ನಮ್ಮ ಮೈಸೂರು! ಒಳಗೆ ಹೋಗಿ ವಿಚಾರಿಸಿದೆ. ಕರ್ನಾಟಕದವನು ಅಂದಾಗ ಅಲ್ಲಿನ ಗುರುಗಳು ಎದ್ದು ಕೈಮುಗಿದರು. ನನಗೆ ನಾಚಿಕೆಯಾಯಿತು, ಬಗ್ಗಿದರೆ ನನ್ನ ಬೆರಳು ಮೊಣಕಾಲಿನ ಕೆಳಗೆ ಹೋಗುವುದಿಲ್ಲ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗ ಕಲಿಸುತ್ತಿದ್ದರು. ಅವರ ಕೈಯಲ್ಲಿ ಕಲಿತ ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನ ಕಡೆಯ ಕೆ. ಪಟ್ಟಾಭಿ ಜೋಯಿಸರು ಅದನ್ನು ಲೋಕಕ್ಕೆಲ್ಲ ಹಂಚಿದರು. ನಮ್ಮ ಹಳ್ಳಿಗಳಲ್ಲಿ ಹುಟ್ಟಿದವರ ಹೆಸರಿನ ಪಾಠವನ್ನು ನಾನು ಎರಡು ಸಾವಿರ ಕಿಲೋಮೀಟರ್ ದೂರ ಹೋಗಿ ಹೇಳಿಸಿಕೊಂಡೆ.

ಗುರುಗಳು ನನಗೆ ದೊಡ್ಡ ಆಸನ ಯಾವುದೂ ಹೇಳಿಕೊಡಲಿಲ್ಲ. ಮುಂದಕ್ಕೆ ಬಗ್ಗುವುದು ಬೇಡ, ಅಂಗಾತ ಮಲಗಿ ಮೊಣಕಾಲು ಮಡಚು, ಉಸಿರು ಬಿಡು ಅಂದರು. ‘ನೀನು ಎಲ್ಲದಕ್ಕೂ ಉಸಿರು ಬಿಗಿಹಿಡಿಯುತ್ತೀಯ’ ಅಂತ ಮೂರು ಸಲ ಹೇಳಿದರು. ನಿಜ. ನೋವು ಬರುತ್ತದೆ ಅಂತ ಅನಿಸಿದಾಗ ಮುಂಚೆಯೇ ಉಸಿರು ಹಿಡಿಯುವುದು ನನಗೆ ರೂಢಿಯಾಗಿದೆ. ನಾಲ್ಕು ದಿನಕ್ಕೆ ನೋವು ವಾಸಿಯಾಗಲಿಲ್ಲ. ಆದರೆ ಮಾತ್ರೆ ಇಲ್ಲದೆ ನಿದ್ದೆ ಬಂತು.

ಅವ್ವ ಮಾತ್ರ ಎರಡು ದಿನ ಕೂತ ಮೆಟ್ಟಿಲು ಬಿಟ್ಟು ಕೆಳಗೆ ಇಳಿಯಲಿಲ್ಲ. ಮುದುಕಿಯರು, ಹುಡುಗಿಯರು ಎಲ್ಲರೂ ಮುಳುಗಿ ಏಳುತ್ತಿದ್ದರು. ಇವಳು ಬಗ್ಗಿ ಒಂದು ಬೊಗಸೆ ನೀರು ತಲೆಗೆ ಚಿಮುಕಿಸಿಕೊಂಡು ‘ಆತು’ ಅನ್ನುತ್ತಿದ್ದಳು. ಅಷ್ಟು ದೂರ ಬಂದು ಹೀಗಾ ಅಂತ ನಾನು ಕೇಳಲಿಲ್ಲ. ಕೇಳುವ ಬಾಯಿ ನನಗೂ ಇರಲಿಲ್ಲ.

ಮೂರನೇ ದಿನ ಧರ್ಮಶಾಲೆಯಲ್ಲಿ ಕನ್ನಡ ಕೇಳಿಸಿತು. ದಾವಣಗೆರೆಯ ಆರು ಹುಡುಗರು. ‘ಅಣ್ಣಾ, ರಾಫ್ಟಿಂಗಿಗೆ ಹೊಂಟೀವಿ, ಬೋಟಿನ್ಯಾಗ ಒಂದು ಸೀಟ್ ಖಾಲಿ ಐತಿ, ಬರ್ತೀರೇನು?’ ಅಂದರು. ಒಂದು ವಿಡಿಯೊ ಆದರೂ ಆಗುತ್ತದೆ ಅಂತ ಹೂಂ ಅಂದುಬಿಟ್ಟೆ. ಅವ್ವನಿಗೆ ಕ್ಲಾಸು ತಡ ಆಗುತ್ತದೆ ಅಂತ ಸುಳ್ಳು ಹೇಳಿದೆ. ತಲೆಗೆ ಸಾವಿರ ರೂಪಾಯಿಯ ಒಳಗೇ ಆಯಿತು.

ಜೀಪಿನಲ್ಲಿ ಮೇಲಕ್ಕೆ ಶಿವಪುರಿಗೆ ಒಯ್ದರು. ಅಲ್ಲಿಂದ ಕೆಳಗೆ ಋಷಿಕೇಶದವರೆಗೆ ಸುಮಾರು 16 ಕಿಲೋಮೀಟರ್ ನೀರಿನ ದಾರಿ. ಅದಕ್ಕೂ ಮೇಲೆ ದೇವಪ್ರಯಾಗದಲ್ಲಿ ಅಲಕನಂದಾ, ಭಾಗೀರಥಿ ಕೂಡಿದ ಮೇಲೆಯೇ ಈ ಹೊಳೆಗೆ ಗಂಗೆ ಅಂತ ಹೆಸರು. ಹಸಿರು ನೀರು, ಕೈ ಇಟ್ಟರೆ ಜುಮ್ ಅನ್ನುವ ಚಳಿ. ಮಳೆಗಾಲದಲ್ಲಿ, ಜುಲೈ–ಆಗಸ್ಟಿನಲ್ಲಿ, ರಾಫ್ಟಿಂಗ್ ಪೂರ್ತಿ ಬಂದ್ ಇರುತ್ತದೆ.

ಗೈಡ್ ಅಲ್ಲಿಯ ಹಳ್ಳಿಯ ಹುಡುಗ, ಇಪ್ಪತ್ತೈದು ಇರಬಹುದು. ನೀರಿಗೆ ಇಳಿಸುವ ಮುಂಚೆ ಮರಳ ಮೇಲೆ ನಿಲ್ಲಿಸಿ ಹದಿನೈದು ನಿಮಿಷ ಮಾತಾಡಿದ. ಒಬ್ಬೊಬ್ಬರ ಲೈಫ್ ಜಾಕೆಟ್ಟಿನ ಪಟ್ಟಿ ತಾನೇ ಎಳೆದು ಬಿಗಿ ಮಾಡಿದ. ಹೆಗಲ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿದ, ಜಾಕೆಟ್ ಕಿವಿಗೆ ಬಂದರೆ ಮತ್ತೆ ಬಿಗಿದ. ಹೆಲ್ಮೆಟ್ ಪಟ್ಟಿಯನ್ನೂ ನೋಡಿದ. ಬಿದ್ದರೆ ಏನು ಮಾಡಬೇಕು ಅಂತ ಹೇಳಿದ: ಎದ್ದು ನಿಲ್ಲಲು ಹೋಗಬೇಡಿ, ಕಾಲು ಕಲ್ಲಿನ ಸಂದಿಗೆ ಸಿಕ್ಕುತ್ತದೆ. ಅಂಗಾತ ಮಲಗಿ, ಕಾಲು ನೀರು ಹರಿಯುವ ಕಡೆಗೆ ಚಾಚಿ, ಬೆರಳು ಮೇಲಿರಲಿ. ಹಗ್ಗ ಎಸೆದರೆ ಹಗ್ಗ ಹಿಡಿಯಿರಿ, ಮನುಷ್ಯರನ್ನು ಹಿಡಿಯಬೇಡಿ.

ಹುಡುಗರಲ್ಲಿ ಒಬ್ಬ ‘ನನಗ ಈಜು ಬರಲ್ಲ’ ಅಂದ. ಗೈಡ್ ನಕ್ಕು, ಈಜು ಬರದವರಿಂದ ತನಗೆ ತೊಂದರೆಯಿಲ್ಲ, ಈಜು ಬರುತ್ತದೆ ಅಂತ ಜಾಕೆಟ್ ಸಡಿಲ ಮಾಡುವವರಿಂದಲೇ ತೊಂದರೆ ಅಂತ ಹಿಂದಿಯಲ್ಲಿ ಹೇಳಿದ.

ನಾನು ಆ ಮರಳ ಮೇಲೆ ನಿಂತಲ್ಲೇ ನಿಂತೆ. ಆ ಮಾತಿನ ಮುಂದೆ ನನ್ನ ಹನ್ನೊಂದು ವರ್ಷದ ಸಾಲು ಸುಳ್ಳಾಗಿತ್ತು. ನಮ್ಮಲ್ಲಿ ದಿನಾ ತೆಪ್ಪದಲ್ಲಿ ಕೂಲಿ ಹೆಣ್ಣುಮಕ್ಕಳು ಹೊಳೆ ದಾಟುತ್ತಾರೆ, ಬೈಕ್ ದಾಟುತ್ತದೆ. ಯಾರ ಮೈಮೇಲೂ ಒಂದು ಜಾಕೆಟ್ ಇರುವುದಿಲ್ಲ. ಅದನ್ನು ನಾನು ಎಷ್ಟು ಸಲ ಫೋಟೊ ತೆಗೆದಿದ್ದೇನೆ, ‘ಪ್ರವಾಸಿಗರ ಮನ ಸೆಳೆಯುವ ತೆಪ್ಪ’ ಅಂತ.

ಅಲ್ಲಿನ ದೊಡ್ಡ ಸುಳಿ, ಅಲೆಗಳಿಗೆಲ್ಲ ಇಂಗ್ಲಿಷ್ ಹೆಸರು. ‘ರೋಲರ್ ಕೋಸ್ಟರ್’ ಅನ್ನುವ ಜಾಗದಲ್ಲಿ ಬೋಟು ಕುದುರೆ ಹಾಗೆ ಎದ್ದಿತು, ಮುಖದ ಮೇಲೆ ಗೋಡೆಯಂತೆ ನೀರು ಬಡಿಯಿತು. ಹುಡುಗರು ಕೂಗುತ್ತಿದ್ದರು. ನಾನು ಹುಟ್ಟು ಹಾಕುತ್ತಿದ್ದೆ, ಉಸಿರು ಹಿಡಿದೇ ಇದ್ದೆ. ಗುರುಗಳು ಹೇಳಿದ್ದು ನೆನಪಾಗಿ ಬಿಟ್ಟೆ.

ಆಮೇಲೆ ನೀರು ಶಾಂತವಾದ ಒಂದು ಕಡೆ ಗೈಡ್, ಬೇಕಾದವರು ಇಳಿದು ಹಗ್ಗ ಹಿಡಿದು ತೇಲಬಹುದು ಅಂದ. ಹುಡುಗರೆಲ್ಲ ಜಿಗಿದರು. ಗೈಡ್ ನನ್ನ ಕಡೆ ನೋಡಿದ, ಒತ್ತಾಯ ಮಾಡಲಿಲ್ಲ. ಬೋಟಿನ ಪಕ್ಕದ ಹಗ್ಗ ಹಿಡಿದು ನಿಧಾನ ಇಳಿದೆ. ಎದೆ ಹಿಂಡುವ ಚಳಿ. ಜಾಕೆಟ್ ನನ್ನನ್ನು ಮೇಲಕ್ಕೆತ್ತಿತು. ಅಂಗಾತ ತೇಲುತ್ತ ಬೆಟ್ಟ ನೋಡಿದೆ. ಒಂಬತ್ತು ವರ್ಷದ ಮೇಲೆ ಹೊಳೆಯಲ್ಲಿದ್ದೆ. ಅತ್ತೆ ಅಂತ ಕಾಣುತ್ತದೆ. ಮುಖವೆಲ್ಲ ನೀರೇ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಧರ್ಮಶಾಲೆಗೆ ಬಂದಾಗ ಒದ್ದೆ ಪ್ಯಾಂಟು ನೋಡಿ ಅವ್ವನಿಗೆ ಎಲ್ಲ ತಿಳಿಯಿತು. ‘ಯಾರಿಗೆ ಹೇಳಿ ಹೊಳಿಗೆ ಇಳಿದ್ಯೋ?’ ಅಂತ ಬೆನ್ನಿಗೆ ಎರಡು ಬಾರಿಸಿದಳು. ನೋವಿದ್ದ ಜಾಗಕ್ಕೇ ಬಿತ್ತು. ರಾತ್ರಿ ಊಟಕ್ಕೂ ಮಾತಾಡಲಿಲ್ಲ. ನಾನು ಜಾಕೆಟ್, ಹಗ್ಗ, ಗೈಡ್ ಹೇಳಿದ ಮಾತು ಎಲ್ಲ ಒಂದೊಂದಾಗಿ ಹೇಳಿದೆ. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು: ‘ನಮ್ಮ ಹುಡುಗಗ ಅಂಥಾದ್ದೊಂದು ಇದ್ದಿದ್ರ?’

ನಾನು ಉತ್ತರ ಕೊಡಲಿಲ್ಲ.

ಮರುದಿನ ನಸುಕಿಗೆ ಅವಳೇ ನನ್ನನ್ನು ಎಬ್ಬಿಸಿದಳು. ಘಾಟಿನ ಅಂಚಿನಲ್ಲಿ ಕಬ್ಬಿಣದ ಸರಪಳಿ ಹಾಕಿದ್ದಾರೆ. ಎರಡು ದಿನ ಅಲ್ಲೇ ಕೂತು ಅವ್ವ ಅದನ್ನೇ ನೋಡಿದ್ದಳಂತೆ. ಮುಳುಗುವವರು ಒಂದು ಕೈಯಲ್ಲಿ ಅದನ್ನು ಹಿಡಿದುಕೊಳ್ಳುತ್ತಾರೆ. ‘ಇದನ್ನ ಹಿಡ್ಕೊಂಡು ಇಳೀತೀನಿ. ನೀ ಈ ಕಡೆ ಕೈ ಹಿಡಿ’ ಅಂದಳು. ಒಂದೊಂದೇ ಮೆಟ್ಟಿಲು ಇಳಿದೆವು. ಮೂರು ಸಲ ಮುಳುಗಿದಳು. ಮೂರನೆಯದು ಯಾರ ಹೆಸರಿನಲ್ಲಿ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಲ್ಲಿ ಯಾರೂ ಸಾಯುವುದಿಲ್ಲ ಅಂತ ತಿಳಿಯಬೇಡಿ. ಘಾಟ್ ಬಿಟ್ಟು ಬೇರೆ ಕಡೆ ಇಳಿದವರು, ಸೆಲ್ಫಿಗೆ ಕಲ್ಲು ಹತ್ತಿದವರು ಕೊಚ್ಚಿ ಹೋಗುತ್ತಾರೆ. ಅದಕ್ಕೇ ಜಲ ಪೊಲೀಸರು ಇದ್ದಾರೆ, ಬೋರ್ಡ್ ಇದೆ. ನೀವು ಹೋದರೆ ಕಡಿಮೆ ದುಡ್ಡು ಅಂತ ಯಾರದೋ ಬೋಟ್ ಹತ್ತಬೇಡಿ. ಜಾಕೆಟ್ ಹರಿದಿದ್ದರೆ, ಹೆಲ್ಮೆಟ್ ಇಲ್ಲದಿದ್ದರೆ, ಹೊರಡುವ ಮುಂಚೆ ಹೇಳಿಕೊಡುವವರಿಲ್ಲದಿದ್ದರೆ ವಾಪಸ್ ಬನ್ನಿ.

ಊರಿಗೆ ಬಂದ ಮೂರು ವಾರಕ್ಕೆ ಪಕ್ಕದ ಹಳ್ಳಿಯಲ್ಲಿ ಮತ್ತೊಂದು ಸಾವು. ಬಟ್ಟೆ ಒಗೆಯಲು ಹೋದ ಹೆಣ್ಣುಮಗಳು. ಈ ಸಲ ‘ಈಜು ಬಾರದೆ’ ಅಂತ ಬರೆಯಲಿಲ್ಲ. ದಂಡೆಗೆ ಹೋಗಿ ಅಳೆದು ಬರೆದೆ: ಮೆಟ್ಟಿಲು ಒಡೆದಿದೆ, ಹಿಡಿಯಲು ಏನೂ ಇಲ್ಲ, ನಾಲ್ಕು ಹೆಜ್ಜೆ ಆಚೆ ಮರಳು ತೆಗೆದ ಗುಂಡಿ ಇದೆ, ಎಚ್ಚರಿಕೆ ಬೋರ್ಡ್ ಇಲ್ಲ. ಡೆಸ್ಕಿನವರು ಜಾಗ ಇಲ್ಲ ಅಂತ ಅಷ್ಟನ್ನೂ ತೆಗೆದು ‘ಕಾಲು ಜಾರಿ’ ಅಂತ ಹಾಕಿದರು. ಪಂಚಾಯ್ತಿಗೆ ಹೋಗಿ ಸರಪಳಿ ಕೇಳಿದರೆ ‘ಯಾವ ಲೆಕ್ಕಕ್ಕೆ ಬರೀಬೇಕ್ರೀ ಅದನ್ನ?’ ಅಂದರು. ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡು ಬಂದಿದ್ದೇನೆ.

ಪೇಪರಿನಲ್ಲಿ ಬಾರದ್ದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮೂರ ಹೊಳೆಗೂ, ಕೆರೆಗೂ ಒಂದು ಸಲ ಹೋಗಿ ನೋಡಿ. ಇಳಿಯುವ ಜಾಗದಲ್ಲಿ ಹಿಡಿಯಲು ಏನಾದರೂ ಇದೆಯಾ? ಇಲ್ಲದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ಪಂಚಾಯ್ತಿಗೆ ಅರ್ಜಿ ಜತೆ ಕೊಡಿ. ಗ್ರಾಮಸಭೆಯಲ್ಲಿ ಎದ್ದು ಕೇಳಿ. ಮೆಟ್ಟಿಲ ಮೇಲೆ ಒಂದು ಸರಪಳಿ ಹಾಕುವುದಕ್ಕೆ ಗಂಗೆಯೇ ಆಗಬೇಕೆಂದಿಲ್ಲ.

ಓಣಿಯವರಿಗೆಲ್ಲ ಬಾಟ್ಲಿ ಹಂಚಿದ ಮೇಲೆ ಅವ್ವನ ಚೀಲದಲ್ಲಿ ಒಂದು ಉಳಿದಿತ್ತು. ಅದನ್ನು ಚಿಗವ್ವನ ಮನೆಗೆ ಒಯ್ದಳು. ಚಿಗವ್ವ ಬಹಳ ಹೊತ್ತು ಕೈ ಚಾಚಲಿಲ್ಲ. ಆಮೇಲೆ ತಗೊಂಡು ತಮ್ಮನ ಫೋಟೊ ಕೆಳಗೆ ಇಟ್ಟಳು. ಮುಚ್ಚಳ ಇನ್ನೂ ತೆಗೆದಿಲ್ಲ.